ಅಸಾಧ್ಯವೆಂಬ ಮಾತು

ಕನ್ನಡ ಪಾಠ ಹೇಳುವವನಿಗೆ ವೈದ್ಯದ ಗೊಡವೆ ಏಕೆ ಎಂದು ವಾಚಕರು ಕೇಳಬಹುದು. ನನ್ನನ್ನು ಅತ್ತ ಎಳೆದದ್ದು ಹದಿನಾಲ್ಕನೆಯ ಶತಮಾನದ ಒಂದನೆಯ ಮಂಗರಾಜನ ‘ಖಗೇಂದ್ರಮಣಿದರ್ಪಣ’. ವಿಷವೈದ್ಯವನ್ನೇ ವಸ್ತುವಾಗಿ ಉಳ್ಳ ಗ್ರಂಥ ಅದು. ತರಗತಿಯಲ್ಲಿ ಅದರ ಹೆಸರೆತ್ತಿದಾಗಲೆಲ್ಲ ನನಗೆ ನೆನಪಾಗುವವನು ಕವಿಯಲ್ಲ, ನಮ್ಮ ದೊಡ್ಡಪ್ಪ.

ನ್ಯಾಮತಿಯ ಬಳಿಯ ಹಳ್ಳಿ ನಮ್ಮದು. ನಾನಾಗ ಎಂಟು ವರ್ಷದ ಹುಡುಗ. ಮಳೆಗಾಲದ ಒಂದು ರಾತ್ರಿ ನೆಲದ ಮೇಲೆ ಚಾಪೆ ಹಾಸಿ ಮಲಗಿದ್ದ ದೊಡ್ಡಪ್ಪನಿಗೆ ಕಟ್ಟುಹಾವು ಕಚ್ಚಿತು. ಅದರ ಕಡಿತದಲ್ಲಿ ಬಾವಾಗಲಿ ಹೆಚ್ಚಿನ ನೋವಾಗಲಿ ಕಾಣದಿರುವುದೇ ವಾಡಿಕೆ. ಬೆಳಗಿನ ಜಾವಕ್ಕೆ ಅವರ ರೆಪ್ಪೆಗಳು ಜೋತುಬಿದ್ದವು. ಮಾತು ತೊದಲಿತು, ಆಮೇಲೆ ನಿಂತಿತು. ಚಾಪೆ ಎತ್ತಿದಾಗ ಹಾವು ಸಿಕ್ಕಿತು. ಪಂಡಿತರು ಬಂದು ಮುಖಕ್ಕೆ ತಣ್ಣೀರು ಎರಚಿದರು, ತೋಳು ಚಿವುಟಿದರು, ನಾಡಿ ಹಿಡಿದು ಬಹಳ ಹೊತ್ತು ಕುಳಿತರು. ಕೊನೆಗೆ ದೊಡ್ಡಮ್ಮ ತಂದಿಟ್ಟ ಕಾಫಿಯನ್ನು ಮುಟ್ಟದೆ ಎದ್ದು ಹೋದರು. ಬಾಯಿಬಿಟ್ಟು ಏನನ್ನೂ ಹೇಳಲಿಲ್ಲ, ಎಲ್ಲರಿಗೂ ತಿಳಿಯಿತು. ಆಸ್ಪತ್ರೆಗೆಂದು ಹೂಡಿ ನಿಲ್ಲಿಸಿದ್ದ ಗಾಡಿಯ ಎತ್ತುಗಳನ್ನು ಬಿಚ್ಚಿದರು. ಮಧ್ಯಾಹ್ನಕ್ಕೆ ಮುಂಚೆ ದೊಡ್ಡಪ್ಪ ತೀರಿಕೊಂಡರು.

ಪಂಡಿತರು ಮಾಡಿದ ಪರೀಕ್ಷೆ ಅವರ ಸ್ವಂತ ಕಲ್ಪನೆಯದಲ್ಲವೆಂದು ನನಗೆ ತಿಳಿದದ್ದು ಸುಶ್ರುತಸಂಹಿತೆಯ ಕಲ್ಪಸ್ಥಾನವನ್ನು ಓದಿದ ಮೇಲೆ. ಶಸ್ತ್ರದಿಂದ ಕೊಯ್ದರೂ ರಕ್ತ ಬಾರದೆ, ಬಳ್ಳಿಯಿಂದ ಹೊಡೆದರೂ ಬಾಸುಂಡೆ ಏಳದೆ, ತಣ್ಣೀರಿಗೂ ರೋಮಾಂಚವಾಗದೆ ಇರುವ ವಿಷಪೀಡಿತನನ್ನು ವೈದ್ಯನು ಬಿಟ್ಟುಬಿಡಬೇಕೆಂದು ಅಲ್ಲಿದೆ. ಚರಕಸಂಹಿತೆಯ ಇಂದ್ರಿಯಸ್ಥಾನದ 12 ಅಧ್ಯಾಯಗಳು ಮರಣಸೂಚಕ ಲಕ್ಷಣಗಳಿಗೇ ಮೀಸಲು. ಕರೆಯಬಂದ ದೂತನ ವೇಷ, ದಾರಿಯ ಶಕುನ, ಕನಸು, ಎಲ್ಲವೂ ಆ ಲೆಕ್ಕದಲ್ಲಿ ಸೇರಿದ್ದವು. ಅವನ್ನು ಬದಿಗಿಟ್ಟರೂ ಸೂಕ್ಷ್ಮವಾದ ವೀಕ್ಷಣೆ ಬೇಕಾದಷ್ಟು ಉಳಿಯುತ್ತದೆ. ರೋಗಗಳನ್ನು ಸಾಧ್ಯ, ಕಷ್ಟಸಾಧ್ಯ, ಯಾಪ್ಯ, ಅಸಾಧ್ಯ ಎಂದು ವಿಂಗಡಿಸಿದವರು, ಅಸಾಧ್ಯಕ್ಕೆ ಕೈಹಾಕಿದ ವೈದ್ಯನು ಯಶಸ್ಸನ್ನು ಕಳೆದುಕೊಳ್ಳುವನೆಂದೂ ಎಚ್ಚರಿಸಿದರು. ಇದನ್ನು ಕ್ರೌರ್ಯವೆನ್ನಲಾಗದು. ಕೈಯಲ್ಲಿ ಸಾಧನವಿಲ್ಲದವನು ಸುಳ್ಳು ಆಸೆ ಹುಟ್ಟಿಸಬಾರದೆಂಬ ಪ್ರಾಮಾಣಿಕತೆಯೂ ಅದರಲ್ಲಿದೆ.

ಆದರೆ ಒಂದು ತೊಡಕುಂಟು. ಬದುಕುವುದಿಲ್ಲವೆಂದು ಬಿಟ್ಟವನು ಸತ್ತರೆ, ಹೇಳಿದ್ದು ನಿಜವಾದಂತೆ ಕಾಣುತ್ತದೆ. ಬಿಟ್ಟದ್ದರಿಂದಲೇ ನಿಜವಾಯಿತೇ ಎಂದು ಕೇಳುವವರಾರು?

ಕಟ್ಟುಹಾವಿನ ವಿಷ ಸ್ನಾಯುಗಳನ್ನು ಸ್ತಬ್ಧಗೊಳಿಸಿ, ಉಸಿರು ನಿಲ್ಲಿಸಿ ಕೊಲ್ಲುತ್ತದೆ. ಆ ಉಸಿರನ್ನು ಬೇರೆಯವರು ಕೊಡುವಂತಾದರೆ? 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೋ ಹಬ್ಬಿ, ಇದೇ ರೀತಿ ಉಸಿರಾಟ ಕಟ್ಟಿ ರೋಗಿಗಳು ಸಾಯತೊಡಗಿದರು. ಬ್ಯೋರ್ನ್ ಇಬ್ಸೆನ್ ಎಂಬ ವೈದ್ಯನ ಸಲಹೆಯಂತೆ ಗಂಟಲಿಗೆ ಕೊಳವೆಯಿಟ್ಟು, ವೈದ್ಯವಿದ್ಯಾರ್ಥಿಗಳು ಹಗಲಿರುಳು ಸರದಿಯ ಮೇಲೆ ಕುಳಿತು ರಬ್ಬರ್ ಚೀಲವನ್ನು ಕೈಯಿಂದ ಅದುಮಿ ಉಸಿರು ಕೊಟ್ಟರು. ಹಿಂದೆ ಬಹುಪಾಲು ಜನ ಸಾಯುತ್ತಿದ್ದಲ್ಲಿ ಈಗ ಬಹುಪಾಲು ಬದುಕಿದರು. ಇಂದಿನ ತೀವ್ರನಿಗಾ ಘಟಕಗಳ ಮೂಲ ಅಲ್ಲಿದೆ. ರೋಗಿಯ ಲಕ್ಷಣಗಳು ಹಿಂದಿನವೇ, ಅಸಾಧ್ಯವಾಗಿದ್ದದ್ದು ಕಷ್ಟಸಾಧ್ಯವಾಯಿತು.

ಹಾಗೆಂದು ಭವಿಷ್ಯ ನುಡಿಯುವ ಕೆಲಸ ನಿಲ್ಲಲಿಲ್ಲ. ಅದು ಅಂಕಿಗಳ ಕೈಗೆ ಬಂತು. 1974ರಲ್ಲಿ ಗ್ಲಾಸ್ಗೋ ನಗರದ ಟೀಸ್‌ಡೇಲ್ ಮತ್ತು ಜೆನೆಟ್, ರೋಗಿ ಕಣ್ಣು ತೆರೆಯುವ, ಮಾತಾಡುವ, ಕೈಕಾಲು ಆಡಿಸುವ ಬಗೆಯನ್ನು ನೋಡಿ ಅಂಕ ಕೊಡುವ ಕ್ರಮವನ್ನು ಹಾಕಿಕೊಟ್ಟರು. ಈಗ ಬಳಕೆಯಲ್ಲಿರುವಂತೆ ಅದರ ಕನಿಷ್ಠ 3, ಗರಿಷ್ಠ 15. ಅಮೆರಿಕದಲ್ಲಿ ನೌಸ್ ಮತ್ತು ಸಂಗಡಿಗರು 1981ರಲ್ಲಿ ‘ಅಪಾಚೆ’ ಎಂಬ ಅಳತೆಯನ್ನು ರಚಿಸಿದರು. 1985ರ ಅದರ ಎರಡನೆಯ ರೂಪವನ್ನು 13 ಆಸ್ಪತ್ರೆಗಳ 5,815 ರೋಗಿಗಳ ದಾಖಲೆಯಿಟ್ಟು ಪರೀಕ್ಷಿಸಲಾಯಿತು. ಹಳೆಯ ಅರಿಷ್ಟಲಕ್ಷಣಕ್ಕೂ ಇದಕ್ಕೂ ಇರುವ ಅಂತರ ಇಲ್ಲಿದೆ. ಹೇಳಿದ್ದು ಎಷ್ಟು ಬಾರಿ ತಪ್ಪಿತೆಂಬುದನ್ನೂ ಇಲ್ಲಿ ಎಣಿಸುತ್ತಾರೆ. ಇಂಥ ಅಂಕ ನೂರಾರು ರೋಗಿಗಳ ಗುಂಪಿನ ಗತಿಯನ್ನು ಹೇಳೀತು. ಈ ಮಂಚದ ಮೇಲಿರುವ ಒಬ್ಬನ ಹಣೆಬರಹವನ್ನಲ್ಲ.

ಅಂಕಿಯೂ ಮೋಸಹೋಗುವುದುಂಟು. ಕಟ್ಟುಹಾವಿನ ವಿಷವೇರಿದವನಿಗೆ ಒಳಗೆ ಎಚ್ಚರವಿದ್ದರೂ ಕಣ್ಣು ತೆರೆಯಲು, ಬೆರಳು ಆಡಿಸಲು ಶಕ್ತಿಯಿರುವುದಿಲ್ಲ. ಗ್ಲಾಸ್ಗೋ ಅಳತೆಯಲ್ಲೂ ಅವನಿಗೆ ಬರುವುದು 3 ಇರಬಹುದು. ಯಂತ್ರದ ಉಸಿರು ಸಿಕ್ಕಿದರೆ ಅವನೇ ಕೆಲವು ದಿನಗಳಲ್ಲಿ ಎದ್ದು ಕೂರಬಹುದು. ಇದನ್ನು ತಿಳಿದಂದಿನಿಂದ ನನ್ನನ್ನು ಒಂದು ಪ್ರಶ್ನೆ ಕಾಡುತ್ತಿದೆ. ಆ ಬೆಳಿಗ್ಗೆ ನಾವು ಸುತ್ತ ಕುಳಿತು ಅತ್ತದ್ದು, ಅಂಗಳದಲ್ಲಿ ಎತ್ತು ಬಿಚ್ಚಿದ ಸದ್ದು, ದೊಡ್ಡಪ್ಪನ ಕಿವಿಗೆ ಬೀಳುತ್ತಿತ್ತೇ?

ಜಗಳೂರಿನ ಕಡೆಯ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಗ ಆಸ್ಪತ್ರೆಯಲ್ಲಿ ನರ್ಸ್. ಹಿಂದೊಮ್ಮೆ ಹೊನ್ನಾಳಿಯ ಬಸ್ ನಿಲ್ದಾಣದಲ್ಲಿ ಸಿಕ್ಕಾಗ, ಅವಳು ತಾನು ತುಂಬುವ ಪಟ್ಟಿಯ ವಿಷಯ ಹೇಳಿದಳು. ಬ್ರಿಟನ್ನಿನ ವೈದ್ಯರ ಸಂಸ್ಥೆ 2012ರಲ್ಲಿ ಹೊರತಂದ ಕ್ರಮವದು. ಉಸಿರಾಟ, ನಾಡಿ, ರಕ್ತದೊತ್ತಡ, ಜ್ವರ, ರಕ್ತದ ಆಮ್ಲಜನಕ, ಎಚ್ಚರ, ಇವಕ್ಕೆಲ್ಲ ಅಂಕ. ಹೊರಗಿನಿಂದ ಆಮ್ಲಜನಕ ಕೊಡುತ್ತಿದ್ದರೆ ಅದಕ್ಕೂ ಅಂಕ. ಒಟ್ಟು 5 ಆದರೆ ವೈದ್ಯರನ್ನು ಬೇಗ ಕರೆಯಬೇಕು. 7 ಆದರೆ ತತ್‌ಕ್ಷಣ. “ಅಂಕ ಏರಿದರೆ ನಾವು ಬಿಟ್ಟುಹೋಗೋದಿಲ್ಲ ಸಾರ್, ಓಡಿಬರ್ತೀವಿ” ಎಂದಳು.

ನಮ್ಮ ರಾಜ್ಯದಲ್ಲಿ 2024ರಿಂದ ಹಾವಿನ ಕಡಿತವನ್ನು ಕಡ್ಡಾಯವಾಗಿ ಸರ್ಕಾರಕ್ಕೆ ವರದಿ ಮಾಡಬೇಕಾಗಿದೆ. ಎಣಿಕೆ ಈಗ ಮೊದಲಾಗಿದೆ. ಚನ್ನಗಿರಿಯ ಅಡಿಕೆ ತೋಟದಲ್ಲಾಗಲಿ, ಜಗಳೂರಿನ ಮೆಕ್ಕೆಜೋಳದ ಹೊಲದಲ್ಲಾಗಲಿ, ಕಚ್ಚಿಸಿಕೊಂಡವನನ್ನು ಮೊದಲು ಆಸ್ಪತ್ರೆ ಮುಟ್ಟಿಸಲಿ. ಸಾಧ್ಯವೋ ಅಸಾಧ್ಯವೋ ಎಂಬ ಮಾತನ್ನು ಅಲ್ಲಿ ಆಡೋಣ. ಅಲ್ಲಿಯವರೆಗೆ ಎತ್ತು ಬಿಚ್ಚುವುದು ಬೇಡ.