ಶಿಖರವೋ, ಉಪಶಿಖರವೋ: ದೂರದ ನಿಸ್ತಂತು ಕೊಂಡಿಗಳಲ್ಲಿ ಆಂಟೆನಾಗಳ ದಿಕ್ಕು ನಿರ್ಣಯ

ಸಾರಾಂಶ: ದೂರದ ಎರಡು ನೆಲೆಗಳ ಆಂಟೆನಾಗಳನ್ನು ಮುಖಾಮುಖಿ ನಿಲ್ಲಿಸುವವರನ್ನು ಸಿಗ್ನಲ್ ಸಿಗದಿರುವುದಕ್ಕಿಂತ ಅರೆಬರೆ ಸಿಗುವುದೇ ಹೆಚ್ಚು ದಾರಿ ತಪ್ಪಿಸುತ್ತದೆ ಎಂಬುದು ಈ ಲೇಖನದ ವಾದ. ಸಿಗಬೇಕಾದ ಸಿಗ್ನಲ್ ಎಷ್ಟು ಎಂಬುದನ್ನು ಟವರ್ ಹತ್ತುವ ಮೊದಲೇ ಲೆಕ್ಕ ಹಾಕಿಟ್ಟುಕೊಳ್ಳುವುದು ಏಕೆ ಅಗತ್ಯವೆಂದು ವೆನೆಜುವೆಲಾದ 279 ಕಿ.ಮೀ. ಕೊಂಡಿಯ ನಿದರ್ಶನದಿಂದ ಇಲ್ಲಿ ತೋರಿಸಲಾಗಿದೆ.

ಕೀಲಿಪದಗಳು: ದಿಕ್ಕು ನಿರ್ಣಯ, ಪಾರ್ಶ್ವಪುಂಜ, ಭೂವಕ್ರತೆ, ಧ್ರುವೀಕರಣ

1. ಹಿನ್ನೆಲೆ

2006ರಲ್ಲಿ ಎರ್ಮಾನೊ ಪಿಯೆತ್ರೊಸೆಮೊಲಿ ಮತ್ತು ಸಂಗಡಿಗರು ಆಂಡಿಸ್ ಸಾಲಿನ ಪಿಕೊ ದೆಲ್ ಆಗಿಲಾದಿಂದ ಬಯಲು ನಾಡಿನ ಎಲ್ ಬಾವೂಲ್‌ಗೆ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ವೈಫೈ ಕೊಂಡಿ ಬೆಸೆದರು. ಬಳಸಿದ್ದು ಮನೆಬಳಕೆಯ ರೂಟರ್‌ಗಳನ್ನು. ಒಂದು ತುದಿಯಲ್ಲಿ 2.74 ಮೀಟರ್ ಅಡ್ಡಳತೆಯ ಹಳೆಯ ಉಪಗ್ರಹ ಡಿಶ್ ಇತ್ತು. ಮರುವರ್ಷ ಅದೇ ಶಿಖರದಿಂದ ಪ್ಲಾಟಿಯೋನ್‌ವರೆಗೆ 382 ಕಿ.ಮೀ. ದೂರವನ್ನೂ ದಾಟಿದರು. ಇಂಥ ದೂರದಲ್ಲಿ ಎದುರು ತುದಿ ಕಣ್ಣಿಗೆ ಕಾಣುವುದಿಲ್ಲ. ದಿಕ್ಕನ್ನು ಲೆಕ್ಕದಿಂದ ಹಿಡಿದು, ಮಾಪನದಿಂದ ಖಚಿತಪಡಿಸಿಕೊಳ್ಳಬೇಕು.

2. ಕಣ್ಣಂದಾಜು ಎಡವುವ ಕಡೆ

ಶಿಖರದ ಎತ್ತರ ಸುಮಾರು 4200 ಮೀ.; ಎಲ್ ಬಾವೂಲ್ 150 ಮೀ. ಆಸುಪಾಸಿನಲ್ಲಿದೆ. ಕೆಳಗೆ ನಿಂತವರ ಕೈ ಡಿಶ್ಶನ್ನು ಮೇಲಕ್ಕೆತ್ತಲು ಹೋಗುವುದು ಸಹಜ. ಲೆಕ್ಕ ಒಪ್ಪುವುದಿಲ್ಲ. ನಾಲ್ಕು ಕಿ.ಮೀ. ಎತ್ತರ 279 ಕಿ.ಮೀ. ಉದ್ದಕ್ಕೆ ಹಂಚಿಹೋದಾಗ ದಕ್ಕುವ ಏರುಕೋನ 0.83° ಮಾತ್ರ. ವಾತಾವರಣ ಅಲೆಯನ್ನು ಬಾಗಿಸುವುದರಿಂದ ಭೂಮಿಯ ತ್ರಿಜ್ಯವನ್ನು 4/3 ಪಟ್ಟು ಎಂದು ಹಿಡಿಯುವುದು ವಾಡಿಕೆ. ಹಾಗೆ ಹಿಡಿದರೂ ನೆಲದ ಬಾಗು 0.94° ಕಳೆಯುತ್ತದೆ. ಉಳಿಯುವುದು −0.1°. ಅಂದರೆ ಬಯಲಿನ ಡಿಶ್, ಪರ್ವತವನ್ನು ಹುಡುಕುತ್ತಲೇ, ಸಮತಲಕ್ಕಿಂತ ಕೂದಲೆಳೆಯಷ್ಟು ಕೆಳಗೆ ನೋಡಬೇಕು. ಶಿಖರದಲ್ಲಾದರೆ ಎರಡೂ ಕೋನಗಳು ಕೂಡಿ ಇಳಿಕೆ 1.8° ಆಗುತ್ತದೆ.

ಅಡ್ಡದಿಕ್ಕಿನಲ್ಲಿ ತೊಡಕು ಬೇರೆ. ಕಬ್ಬಿಣದ ಟವರ್ ಬಳಿ ದಿಕ್ಸೂಚಿಯ ಮುಳ್ಳು ಸರಿಯುತ್ತದೆ. ದೂರ ಸರಿದು ನೋಡಿದರೂ ಕಾಂತೀಯ ಉತ್ತರಕ್ಕೂ ನಿಜ ಉತ್ತರಕ್ಕೂ ಇರುವ ಅಂತರವನ್ನು ತಿದ್ದಿಕೊಳ್ಳಬೇಕು. ಈ ದೂರದಲ್ಲಿ 1° ತಪ್ಪು ಎಂದರೆ 4.9 ಕಿ.ಮೀ. ಪಕ್ಕಕ್ಕೆ ಗುರಿಯಿಟ್ಟಂತೆ.

3. ಅರೆಬರೆ ಸಿಗ್ನಲ್ಲಿನ ಮೋಸ

2.74 ಮೀ. ಡಿಶ್ಶಿನ ಮುಖ್ಯ ಕಿರಣಪುಂಜ ಸುಮಾರು 3.2° ಅಗಲ. ಅದರ ಇಕ್ಕೆಲಗಳಲ್ಲಿ ಪಾರ್ಶ್ವಪುಂಜಗಳಿರುತ್ತವೆ. ಮೊದಲನೆಯದರ ಬಲ ಮುಖ್ಯಪುಂಜಕ್ಕಿಂತ ಸುಮಾರು 20 ಡೆಸಿಬೆಲ್ ಕಡಿಮೆ. ಡಿಶ್ಶನ್ನು ನಿಧಾನವಾಗಿ ತಿರುಗಿಸುತ್ತ ಹೋದವರಿಗೆ ಈ ಉಪಶಿಖರ ಮೊದಲು ಎದುರಾದೀತು. ಅಲ್ಲಿಂದ ಎಡಕ್ಕೆ ಸರಿಸಿದರೂ ಇಳಿಕೆ, ಬಲಕ್ಕೆ ಸರಿಸಿದರೂ ಇಳಿಕೆ. ‘ಇದೇ ಸರಿ’ ಎಂದು ನಟ್ಟು ಬಿಗಿಯಲು ಇಷ್ಟು ಸಾಕು.

ಇಲ್ಲಿ ತೀರ್ಪು ಹೇಳಬಲ್ಲದ್ದು ಪೂರ್ವಲೆಕ್ಕ. 279 ಕಿ.ಮೀ. ಬಯಲಿನಲ್ಲಿ ಅಲೆಗೆ ತಗಲುವ ನಷ್ಟ 149 ಡೆಸಿಬೆಲ್. 100 ಮಿಲಿವ್ಯಾಟ್ ಪ್ರೇಷಕ, 34 ಮತ್ತು 30 ಡೆಸಿಬೆಲ್ ಗಳಿಕೆಯ ಆಂಟೆನಾಗಳು ಎಂದಿಟ್ಟುಕೊಂಡರೆ, ಕೇಬಲ್ ನಷ್ಟ ಬಿಟ್ಟು −65 ಡಿಬಿಎಂ ಬರಬೇಕು. −85 ಬಂದರೆ ಆ ಕೊರತೆ ಪಾರ್ಶ್ವಪುಂಜದತ್ತ ಬೆರಳು ಮಾಡುತ್ತದೆ. ಒಂದು ಆಂಟೆನಾ ಲಂಬ, ಇನ್ನೊಂದು ಅಡ್ಡ ಧ್ರುವೀಕರಣದಲ್ಲಿದ್ದರೂ ಹೆಚ್ಚುಕಡಿಮೆ ಇದೇ ಕೊರತೆ ಕಾಣುವುದರಿಂದ ಅದನ್ನು ಮೊದಲು ಪರೀಕ್ಷಿಸುವುದು ಲೇಸು. ಎರಡೂ ತುದಿ ಪಾರ್ಶ್ವಪುಂಜದಲ್ಲಿದ್ದರೆ ಕೊರತೆ 40 ಡೆಸಿಬೆಲ್. ಆಗ ರೂಟರ್‌ಗೆ ಏನೂ ಕೇಳಿಸದು. ಆದ್ದರಿಂದ ಒಂದು ಸಲಕ್ಕೆ ಒಂದೇ ತುದಿಯನ್ನು ಅಲುಗಿಸಬೇಕು.

4. ನೆತ್ತಿಗಿಂತ ಇಳಿಜಾರು ನಂಬಿಕಸ್ಥ

ಪುಂಜದ ನೆತ್ತಿ ಚಪ್ಪಟೆ. ಮಾಪಕದ ಅಂಕಿ 1 ಡೆಸಿಬೆಲ್ ತೂಗಾಡುತ್ತಿದ್ದರೆ, ಗರಿಷ್ಠವನ್ನೇ ಹುಡುಕುವವರು 0.9°ವರೆಗೂ ತಪ್ಪಬಹುದು. ಬದಲಿಗೆ ಎಡಬಲಗಳಲ್ಲಿ ಸಿಗ್ನಲ್ 3 ಡೆಸಿಬೆಲ್ ಇಳಿಯುವ ಬಿಂದುಗಳನ್ನು ಗುರುತಿಸಿ, ನಡುವೆ ನಿಲ್ಲಿಸಿದರೆ ತಪ್ಪು 0.3°ಗಿಂತ ಕೆಳಗಿಳಿಯುತ್ತದೆ. ಕಂಬಕ್ಕೆ ಕಾಗದದ ಪಟ್ಟಿ ಸುತ್ತಿ ಪೆನ್ಸಿಲ್ಲಿನಿಂದ ಎರಡು ಗೆರೆ ಎಳೆದುಕೊಂಡರೆ ಈ ಕೆಲಸ ಆಗುತ್ತದೆ. ಕೊನೆಯ ಓದನ್ನು ನಟ್ಟು ಬಿಗಿದ ಮೇಲೆಯೇ ತೆಗೆದುಕೊಳ್ಳಬೇಕು. ಬಿಗಿಯುವಾಗ ಡಿಶ್ ಸ್ವಲ್ಪ ತಿರುಗುವುದುಂಟು.

ಡೇಟಾ ಹರಿಯುತ್ತಿದೆಯೇ ಎಂಬುದರಿಂದ ದಿಕ್ಕನ್ನು ಅಳೆಯುವುದು ಸಲ್ಲದು. 279 ಕಿ.ಮೀ. ದಾಟಲು ಅಲೆಗೆ 0.93 ಮಿಲಿಸೆಕೆಂಡ್ ಬೇಕು. ಮಾಮೂಲಿ ವೈಫೈ ಅಷ್ಟು ಹೊತ್ತು ಉತ್ತರಕ್ಕೆ ಕಾಯದೆ ಪೊಟ್ಟಣ ಕಳೆದುಹೋಯಿತೆಂದೇ ತಿಳಿಯುತ್ತದೆ. ಕಾಯುವ ಅವಧಿಯನ್ನು ಹಿಗ್ಗಿಸದಿದ್ದರೆ, ಕರಾರುವಾಕ್ಕಾಗಿ ನಿಂತ ಆಂಟೆನಾವೂ ವಿನಾಕಾರಣ ಸಂಶಯಕ್ಕೆ ಗುರಿಯಾಗುತ್ತದೆ.

5. ಸಮಾರೋಪ

ಏರುಕೋನ, ಸಿಗಬೇಕಾದ ಬಲ, ಕಾಯುವ ಅವಧಿ ಈ ಮೂರನ್ನೂ ಮೇಜಿನ ಮೇಲೆಯೇ ಲೆಕ್ಕ ಹಾಕಬಹುದು. −85 ಡಿಬಿಎಂ ಸಿಕ್ಕ ಖುಷಿಯಲ್ಲಿ ಟವರ್ ಇಳಿಯಹೊರಟವರನ್ನು ತಡೆದು ನಿಲ್ಲಿಸುವುದು ಜೇಬಿನಲ್ಲಿರುವ −65 ಎಂಬ ಅಂಕಿ.