ಎರಡು ಗಡಿಯಾರಗಳ ನಡುವಿನ ಕಡತ

ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆ 1980ರ ದಶಕದ ನಡುಭಾಗದಲ್ಲಿ ರೂಪಿಸಿದ ಎನ್‌ಎಫ್‌ಎಸ್, ದೂರದ ಕಂಪ್ಯೂಟರಿನಲ್ಲಿರುವ ಕಡತಗಳನ್ನು ಜಾಲದ ಮೂಲಕ ಸ್ವಂತದ್ದೆಂಬಂತೆ ಬಳಸಲು ಅನುವು ಮಾಡಿಕೊಟ್ಟ ವ್ಯವಸ್ಥೆ. ಕಡತಗಳನ್ನು ಇಟ್ಟುಕೊಂಡಿರುವ ಯಂತ್ರ ಸರ್ವರ್, ಅವನ್ನು ಬಳಸುವ ಯಂತ್ರ ಕ್ಲೈಂಟ್. ಎರಡರ ಗಡಿಯಾರಗಳೂ ಒಂದೇ ಹೊತ್ತನ್ನು ತೋರಿಸುತ್ತವೆಂಬ ಖಾತರಿ ಇಲ್ಲದಿದ್ದುದರಿಂದ, ಕಡತ ಕೊನೆಯ ಬಾರಿ ಬದಲಾದ ಸಮಯವನ್ನು, ಅಂದರೆ ಅದರ ಟೈಮ್‌ಸ್ಟ್ಯಾಂಪನ್ನು, ಯಾರ ಗಡಿಯಾರ ನೋಡಿ ಬರೆಯಬೇಕೆಂಬುದು ಮೊದಲಿನಿಂದಲೂ ತೊಡಕಾಗಿತ್ತು.

1989ರಲ್ಲಿ ವಿವರಣೆ ಪ್ರಕಟವಾದ ಎರಡನೆಯ ಆವೃತ್ತಿಯಲ್ಲಿ ಸಮಯವೆಂದರೆ 1970ರ ಜನವರಿ 1ರಿಂದ ಕಳೆದ ಸೆಕೆಂಡು ಮತ್ತು ಮೈಕ್ರೋಸೆಕೆಂಡುಗಳ ಎರಡು ಸಂಖ್ಯೆಗಳಷ್ಟೇ ಆಗಿದ್ದು, ‘ಈಗಿನ ಸಮಯ ಹಾಕು’ ಎಂದು ಸರ್ವರಿಗೆ ಹೇಳುವ ಪ್ರತ್ಯೇಕ ದಾರಿ ಇರಲಿಲ್ಲ. ಯುನಿಕ್ಸ್ ನಿಯಮದಂತೆ ಕಡತಕ್ಕೆ ಈಗಿನ ಸಮಯ ಹಾಕಲು ಬರೆಯುವ ಅನುಮತಿ ಇದ್ದರೆ ಸಾಕು, ಬೇರೆ ಸಮಯ ಹಾಕಲು ಒಡೆತನವೇ ಬೇಕು. ಆದ್ದರಿಂದ ಕ್ಲೈಂಟ್ ತನ್ನ ಗಡಿಯಾರದ ಸಮಯವನ್ನು ಕಳುಹಿಸಿದರೆ ಸರ್ವರ್ ಅದನ್ನು ಬೇರೆ ಸಮಯವೆಂದೇ ಎಣಿಸಿ ನಿರಾಕರಿಸಬಹುದಿತ್ತು. ಇದಕ್ಕೆ ಸನ್ ಕಂಡುಕೊಂಡ ಉಪಾಯವೆಂದರೆ ಮೈಕ್ರೋಸೆಕೆಂಡಿನ ಜಾಗದಲ್ಲಿ, ಅಲ್ಲಿ ಎಂದೂ ಬರಬಾರದ 10,00,000 ಎಂಬ ಸಂಖ್ಯೆಯನ್ನು ಕಳುಹಿಸುವುದು. ಅರ್ಥವಿಲ್ಲದ ಸಮಯವೇ ಹೀಗೆ ಅರ್ಥವುಳ್ಳ ಆಜ್ಞೆಯಾಯಿತು, ಲಿನಕ್ಸ್ ಕ್ಲೈಂಟ್ ಕೂಡ ಈ ರೂಢಿಯನ್ನು ಅನುಸರಿಸಬೇಕಾಯಿತು.

1995ರ ಮೂರನೆಯ ಆವೃತ್ತಿ ಸೂಕ್ಷ್ಮತೆಯನ್ನು ನ್ಯಾನೋಸೆಕೆಂಡಿಗೆ ಏರಿಸಿ, ಸಮಯವನ್ನು ಬದಲಿಸಬೇಡ, ಸರ್ವರಿನ ಸಮಯ ಹಾಕು, ಕ್ಲೈಂಟ್ ಕೊಟ್ಟದ್ದನ್ನು ಹಾಕು ಎಂಬ ಮೂರು ಸ್ಪಷ್ಟ ಆಯ್ಕೆಗಳನ್ನು ನೀಡಿ ಆ ಉಪಾಯವನ್ನು ಅನಗತ್ಯವಾಗಿಸಿತು. ಆದರೂ ಸಮಯದ ಜಾಗವನ್ನು ಬೇರೆ ಕೆಲಸಕ್ಕೆ ದುಡಿಸುವ ಚಾಳಿ ಹೋಗಲಿಲ್ಲ: ಇಬ್ಬರು ಒಂದೇ ಹೆಸರಿನ ಕಡತ ಸೃಷ್ಟಿಸದಂತೆ ಕ್ಲೈಂಟ್ ಕಳುಹಿಸುವ ಗುರುತಿನ ಸಂಖ್ಯೆಯನ್ನು ಲಿನಕ್ಸ್ ಸರ್ವರ್ ಟೈಮ್‌ಸ್ಟ್ಯಾಂಪಿನ ಜಾಗದಲ್ಲೇ ತಾತ್ಕಾಲಿಕವಾಗಿ ಇಡುತ್ತಿದ್ದುದರಿಂದ, ನಿಜವಾದ ಸಮಯವನ್ನು ಬರೆಯಿಸಲು ಕ್ಲೈಂಟ್ ಮತ್ತೊಂದು ಕೋರಿಕೆಯನ್ನು ಕಳುಹಿಸಬೇಕಿತ್ತು.

ಇವೆಲ್ಲಕ್ಕಿಂತ ಗಹನವಾದ ತೊಂದರೆ ಕ್ಯಾಶ್‌ನದು, ಅಂದರೆ ಓದಿದ ಮಾಹಿತಿಯನ್ನು ಕ್ಲೈಂಟ್ ತನ್ನಲ್ಲೇ ಇರಿಸಿಕೊಳ್ಳುವ ಪ್ರತಿಯದು. ಸಮಯ ಬದಲಾಗದಿದ್ದರೆ ಕಡತವೂ ಬದಲಾಗಿಲ್ಲ ಎಂಬುದು ಕ್ಲೈಂಟಿನ ನಂಬಿಕೆ. ಆದರೆ ಸರ್ವರಿನಲ್ಲಿದ್ದ ಎಕ್ಸ್‌ಟ್3ರಂಥ ಕಡತವ್ಯವಸ್ಥೆಗಳು ಸೆಕೆಂಡಿಗಿಂತ ಸೂಕ್ಷ್ಮವಾಗಿ ಸಮಯ ದಾಖಲಿಸುತ್ತಿರಲಿಲ್ಲವಾದ್ದರಿಂದ, ಒಂದೇ ಸೆಕೆಂಡಿನೊಳಗೆ ಎರಡು ಸಲ ತಿದ್ದಿದ ಕಡತದ ಹಳೆಯ ಪ್ರತಿಯನ್ನೇ ಕ್ಲೈಂಟ್ ಹೊಸದೆಂದು ತೋರಿಸುವ ಸಾಧ್ಯತೆ ಇತ್ತು. 2000ದಲ್ಲಿ ಪ್ರಕಟವಾದ ನಾಲ್ಕನೆಯ ಆವೃತ್ತಿ ಬದಲಾವಣೆಯನ್ನು ಸೂಚಿಸಲೆಂದೇ 64 ಬಿಟ್‌ಗಳ ಬೇರೆ ಸಂಖ್ಯೆಯನ್ನು ತಂದಿತು. ಮೂರನೆಯ ಆವೃತ್ತಿಯನ್ನು ಬಿಡದ ಬಳಕೆದಾರರಿಗೆ ಮಾತ್ರ ಆ ಸೌಲಭ್ಯ ದಕ್ಕಲಿಲ್ಲ.

ಆ ಹಳೆಯ ಆವೃತ್ತಿಯ 32 ಬಿಟ್‌ಗಳ ಸೆಕೆಂಡು ಎಣಿಕೆ 2106ಕ್ಕೆ ಮುಗಿಯುತ್ತದೆ, 1970ಕ್ಕೆ ಹಿಂದಿನ ದಿನಾಂಕಕ್ಕೆ ಅದರಲ್ಲಿ ಎಡೆಯೇ ಇಲ್ಲ. 2019ರ ಲಿನಕ್ಸ್ 5.4ರಲ್ಲಿ ಕ್ಲೈಂಟ್ ಈ ಮಿತಿಯನ್ನು ಕರ್ನಲ್‌ಗೆ, ಅಂದರೆ ಕಾರ್ಯಾಚರಣಾ ವ್ಯವಸ್ಥೆಯ ತಿರುಳಿಗೆ, ಮೊದಲೇ ತಿಳಿಸುವ ಏರ್ಪಾಡಾಯಿತು. ಕ್ಯಾಶ್‌ನ ತೊಂದರೆಗೆ ಪರಿಹಾರ ದೊರೆತದ್ದು ಕ್ಲೈಂಟಿನಲ್ಲಲ್ಲ, ಸರ್ವರಿನ ಕಡೆಯಲ್ಲಿ: 2025ರ ಜನವರಿಯಲ್ಲಿ ಬಿಡುಗಡೆಯಾದ ಲಿನಕ್ಸ್ 6.13, ಹಿಂದಿನ ಬದಲಾವಣೆಯ ಸಮಯವನ್ನು ಯಾರಾದರೂ ಕೇಳಿ ತಿಳಿದುಕೊಂಡಿದ್ದರೆ ಮಾತ್ರ ಮುಂದಿನ ಬದಲಾವಣೆಗೆ ಸೂಕ್ಷ್ಮ ಸಮಯವನ್ನು ಬರೆದು, ಉಳಿದಾಗ ಖರ್ಚು ಕಡಿಮೆಯ ಒರಟು ಸಮಯದಲ್ಲೇ ಕೆಲಸ ಸಾಗಿಸುತ್ತದೆ.