ಮೊಳೆ ಜೋಡಿಸಿದ ಕೈಗಳು: ಬಳ್ಳಾರಿಯ ಕನ್ನಡ ಮುದ್ರಣ

ಗಂಗಾವತಿ ಸೀಮೆಯ ಹನುಮನಹಳ್ಳಿಯ ಬಳಿ ಹರಿಯುವ ತುಂಗಭದ್ರೆ 1800ರ ನಂತರ ಎರಡು ಆಡಳಿತಗಳ ಗಡಿಯಾಯಿತು. ಈಚೆಯ ದಂಡೆ ನಿಜಾಮನದು, ಆಚೆಯ ಬಳ್ಳಾರಿ ಈಸ್ಟ್ ಇಂಡಿಯಾ ಕಂಪನಿ ಸರಕಾರದ್ದು. ಕನ್ನಡ ಮುದ್ರಣದ ಆರಂಭದ ಕೇಂದ್ರಗಳಲ್ಲೊಂದು ನೆಲೆಗೊಂಡದ್ದು ಹೊಳೆಯಾಚೆಯ ಆ ಊರಿನಲ್ಲಿ. 1810ರಲ್ಲಿ ಅಲ್ಲಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬೈಬಲ್ಲಿನ ಕನ್ನಡ ಅನುವಾದಕ್ಕೆ ತೊಡಗಿದರು. 1831ರ ಹೊತ್ತಿಗೆ ಇಡೀ ಗ್ರಂಥ ಅಚ್ಚಾಯಿತು. ಚರಿತ್ರೆಕಾರರು ಇದನ್ನು ಅನುವಾದಕರ ಸಾಧನೆಯೆಂದು ಬರೆದಿದ್ದಾರೆ. ಮುದ್ರಣಾಲಯದಲ್ಲಿ ನಿಂತು ದುಡಿದವರ ಕಸುಬಿನ ಚರಿತ್ರೆಯಾಗಿಯೂ ಇದನ್ನು ಓದಬೇಕು.

ಇಂಥ ಕಸುಬುದಾರನ ಬದುಕು ದಾಖಲೆಯಲ್ಲಿ ಉಳಿದರೆ ಎಷ್ಟು ತಿಳಿಯುತ್ತದೆ ಎಂಬುದಕ್ಕೆ ಒಂದನೇ ಎಲಿಜಬೆತ್ ರಾಣಿಯ ಕಾಲದ ಇಂಗ್ಲೆಂಡಿನ ಮುದ್ರಕ ರಿಚರ್ಡ್ ಫೀಲ್ಡ್‌ನನ್ನು ನೋಡಿ. ಸ್ಟ್ರಾಟ್‌ಫರ್ಡ್‌ನಲ್ಲಿ ತೊಗಲು ಹದಮಾಡುವವನ ಮಗನಾದ ಈತ 1579ರಲ್ಲಿ ಲಂಡನ್ನಿನಲ್ಲಿ ಕಸುಬು ಕಲಿಯಲು ಸೇರಿದ. ಹೆಚ್ಚು ಕಾಲ ಕಲಿತದ್ದು ವೋತ್ರೋಲ್ಯೇ ಎಂಬ ಮುದ್ರಕನ ಬಳಿ. 1587ರಲ್ಲಿ ಕಲಿಕೆಯ ಕರಾರು ಮುಗಿಯಿತು. ಗುರು ತೀರಿಕೊಂಡ ಮೇಲೆ ಅವನ ವಿಧವೆಯನ್ನು ಮದುವೆಯಾಗಿ ಮುದ್ರಣಾಲಯದ ಯಜಮಾನನೇ ಆದ. 1593ರಲ್ಲಿ ಶೇಕ್ಸ್‌ಪಿಯರನ 'ವೀನಸ್ ಅಂಡ್ ಅಡೋನಿಸ್' ಅಚ್ಚುಹಾಕಿದವನು ಈತನೇ. ಮುದ್ರಕರ ಸಂಘವಾದ ಸ್ಟೇಷನರ್ಸ್ ಕಂಪನಿ ದಫ್ತರ ಇಟ್ಟಿದ್ದರಿಂದ ಇಷ್ಟೆಲ್ಲ ಇಂದಿಗೂ ತಿಳಿಯುತ್ತದೆ.

ನಮ್ಮಲ್ಲಿ ಇದೇ ಕಸುಬು ಮನೆತನದ ದಾರಿ ಹಿಡಿದು ನಡೆಯಿತು. ಬಂಗಾಳದ ಕಮ್ಮಾರ ಪಂಚಾನನ ಕರ್ಮಕಾರ ಇಂಗ್ಲಿಷ್ ವಿದ್ವಾಂಸ ಚಾರ್ಲ್ಸ್ ವಿಲ್ಕಿನ್ಸ್‌ನ ಜೊತೆ ಅಚ್ಚು ಕೊರೆಯುವುದನ್ನು ಕಲಿತು ಸೆರಾಂಪುರದ ಮಿಷನ್ ಸೇರಿದ. ತನ್ನ ವಿದ್ಯೆಯನ್ನು ಅಳಿಯ ಮನೋಹರನಿಗೆ ಧಾರೆಯೆರೆದ. ಆ ಮಿಷನ್ನಿನ ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಹೊರಬಂದದ್ದು ಈ ಮಾವ-ಅಳಿಯ ದುಡಿದ ಮುದ್ರಣಾಲಯದಿಂದಲೇ. ಕನ್ನಡ ಪುಸ್ತಕ ಚರಿತ್ರೆಯಲ್ಲಿ ಇವರಿಬ್ಬರಿಗೆ ಸಿಕ್ಕಿರುವ ಜಾಗ ತೀರ ಕಡಿಮೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಕನ್ನಡದ ಮೊಳೆಗಳ, ಅಂದರೆ ಲೋಹದ ಅಚ್ಚಕ್ಷರಗಳ, ಜೋಡಣೆ ರೋಮನ್ ಲಿಪಿಯದಕ್ಕಿಂತ ಬಹಳ ತ್ರಾಸಿನದು. ಮೂಲಾಕ್ಷರ, ಕಾಗುಣಿತ, ಒತ್ತು ಎಂದು ಮೊಳೆಗಳನ್ನಿಡುವ ಪೆಟ್ಟಿಗೆಯಾದ ಕೇಸಿನ ಮನೆಗಳು ನೂರಾರು. 'ಶಾಸ್ತ್ರ' ಎಂದು ಜೋಡಿಸಬೇಕಾದರೆ 'ಸ'ದ ಮಗ್ಗುಲಿಗೆ ತ ಒತ್ತು, ರ ಒತ್ತುಗಳನ್ನು ಹುಡುಕಿ ತಂದು ಕೂರಿಸಬೇಕು. ಮೊಳೆಯ ಮೇಲೆ ಅಕ್ಷರ ತಿರುವುಮುರುವಾಗಿರುವುದರಿಂದ ಓದುವ ಕಣ್ಣನ್ನೂ ಹಾಗೆಯೇ ಪಳಗಿಸಬೇಕು. ಕರಡು ತಿದ್ದಿ ಅಚ್ಚಾದ ಮೇಲೆ ಒಂದೊಂದೇ ಮೊಳೆಯನ್ನು ಬಿಡಿಸಿ, ತೊಳೆದು, ಅದರದರ ಮನೆಗೆ ಹಿಂತಿರುಗಿಸುವ ಕೆಲಸ. ಅಲ್ಲಿ ಒಂದು ಕೈ ತಪ್ಪಿದರೆ ನಾಳಿನ ಪುಟದಲ್ಲಿ ತಪ್ಪು.

ಮಂಗಳೂರಿನ ಬಾಸೆಲ್ ಮಿಷನ್ ಮಾತ್ರ ಕಲ್ಲಿನ ಮೇಲೆ ಬರೆದು ಅಚ್ಚೊತ್ತುವ ಕಲ್ಲಚ್ಚಿನಿಂದ ಆರಂಭಿಸಿತು. ಆ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಹೊರತಂದ 'ಮಂಗಳೂರ ಸಮಾಚಾರ' ಪತ್ರಿಕೆ ಕಲ್ಲಚ್ಚಿನದೇ. ಮರುವರ್ಷ ಅದು ಬಳ್ಳಾರಿಗೆ ಬಂದು 'ಕನ್ನಡ ಸಮಾಚಾರ'ವಾಯಿತು. ಸಂಪಾದಕರು ಕಡಲ ತಡಿಯಲ್ಲಿದ್ದರೂ ಪತ್ರಿಕೆ ಬಳ್ಳಾರಿಯವರೆಗೆ ಬಂತೆಂದರೆ, ಅಲ್ಲಿ ಮೊಳೆಯಚ್ಚಿನ ಕಸುಬು ಆಗಲೇ ಕುದುರಿತ್ತು ಎಂದೇ ಅರ್ಥ. ಮಂಗಳೂರಿನಲ್ಲಿ ಮೊಳೆಯಚ್ಚು ನೆಲೆಯೂರಿದ್ದು 1850ರ ದಶಕದಲ್ಲಿ, ಅದೇ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಬಂದ ನಂತರ.

ಕಸುಬುದಾರರ ಚರಿತ್ರೆ ತಿಳಿಯುವುದು ದಫ್ತರಗಳಿಂದಲೇ. ಆದ್ದರಿಂದ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಹಳೆಯ ಮುದ್ರಣಾಲಯಗಳಲ್ಲಿ ಹಾಜರಿ ಪುಸ್ತಕ, ಪಗಾರದ ಲೆಕ್ಕ, ಮೊಳೆಯ ಕೇಸು ಏನಾದರೂ ಉಳಿದಿದ್ದರೆ ಗುಜರಿಗೆ ಹಾಕಬೇಡಿ. ಹತ್ತಿರದ ಗ್ರಂಥಾಲಯಕ್ಕೋ ಕಾಲೇಜಿಗೋ ಒಪ್ಪಿಸಿ, ಕೆಲಸ ಮಾಡಿದವರ ಹೆಸರುಗಳನ್ನು ಬರೆಸಿಡಿ.